ಭಾನುವಾರದ ಹರಾಜು, ಸೋಮವಾರದ ಊಟ

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಬೋನ್ ಎಂಬ ಪಟ್ಟಣವಿದೆ. ಪ್ರತಿವರ್ಷ ನವೆಂಬರ್ ತಿಂಗಳ ಮೂರನೆಯ ಭಾನುವಾರ ಅಲ್ಲಿನ ಆಸ್ಪತ್ರೆ ತನ್ನ ವೈನನ್ನು ಹರಾಜು ಹಾಕುತ್ತದೆ. ಆಸ್ಪತ್ರೆಗೂ ವೈನಿಗೂ ಎತ್ತಣ ಸಂಬಂಧ ಎಂದು ಹುಬ್ಬೇರಿಸುವವರು 1443ನೇ ಇಸವಿಗೆ ಹೋಗಬೇಕು. ನೂರು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ. ಲೂಟಿ, ರೋಗ, ಹಸಿವುಗಳಿಂದ ಊರಿಗೆ ಊರೇ ಬಳಲಿತ್ತು. ಬರ್ಗಂಡಿಯ ದೊರೆ ಫಿಲಿಪ್‌ನ ಬಳಿ ಚಾನ್ಸಲರ್ ಆಗಿದ್ದ ನಿಕೊಲಾ ರೋಲಾಂ ಮತ್ತು ಅವನ ಹೆಂಡತಿ ಗೀಗೊನ್ ದ ಸಾಲಾಂ ಸೇರಿ ಬಡ ರೋಗಿಗಳಿಗೆಂದು ಒಟೆಲ್-ದ್ಯು ಎಂಬ ಆಸ್ಪತ್ರೆ ಕಟ್ಟಿಸಿದರು. ಅಷ್ಟೊಂದು ಜನರನ್ನು ಬಡವರನ್ನಾಗಿ ಮಾಡಿದವನು ಅವರಿಗೊಂದು ಆಸ್ಪತ್ರೆಯನ್ನಾದರೂ ಕಟ್ಟಿಸಲಿ ಬಿಡಿ ಎಂದು ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿ ಕುಟುಕಿದ್ದನಂತೆ. ನಿಜವೋ ಸುಳ್ಳೋ, ಕಟ್ಟಡವಂತೂ ಗಟ್ಟಿಯಾಗಿ ನಿಂತಿತು. 1452ರಲ್ಲಿ ಮೊದಲ ರೋಗಿ ಒಳಗೆ ಬಂದ. ಬಣ್ಣಬಣ್ಣದ ಮೆರುಗು ಹೆಂಚಿನ ಆ ಮಾಡಿನ ಕೆಳಗೆ 1971ರವರೆಗೂ ಚಿಕಿತ್ಸೆ ನಡೆಯಿತು. ಈಗ ಆಸ್ಪತ್ರೆ ಹೊಸ ಕಟ್ಟಡಗಳಿಗೆ ಹೋಗಿದೆ. ಹಳೆಯದು ಮ್ಯೂಸಿಯಂ ಆಗಿದ್ದು, ರೊಗಿಯರ್ ವಾನ್ ಡರ್ ವೇಡನ್ ಬರೆದ ‘ಕೊನೆಯ ತೀರ್ಪು’ ಚಿತ್ರ ಇಂದಿಗೂ ಅಲ್ಲೇ ಇದೆ.

ನಮ್ಮ ದೇವಸ್ಥಾನಗಳ ಗೋಡೆಯ ಮೇಲೆ ಇಂಥವರು ಇಷ್ಟು ಗದ್ದೆಯನ್ನು ನಂದಾದೀಪಕ್ಕೆ ಬಿಟ್ಟರು ಎಂಬ ದತ್ತಿ ಶಾಸನಗಳಿರುತ್ತವಲ್ಲ, ಬೋನ್‌ನಲ್ಲೂ ಹಾಗೆಯೇ ಆಯಿತು. 1457ರಲ್ಲಿ ಗಿಯೆಮೆತ್ ಲವೆರ್ನಿಯೆ ಎಂಬ ಹೆಂಗಸು ತನ್ನ ದ್ರಾಕ್ಷಿತೋಟವನ್ನು ಆಸ್ಪತ್ರೆಗೆ ಬರೆದುಕೊಟ್ಟಳು. ಅವಳ ಹಿಂದೆ ಮುಂದಿನ ಶತಮಾನಗಳಲ್ಲಿ ಮತ್ತಷ್ಟು ಜನ ಬರೆದುಕೊಟ್ಟರು. ಇವತ್ತು ಆಸ್ಪತ್ರೆಗೆ ಸುಮಾರು 60 ಹೆಕ್ಟೇರ್, ಎಂದರೆ 150 ಎಕರೆಯ ಆಸುಪಾಸು ದ್ರಾಕ್ಷಿತೋಟವಿದೆ. ಹೆಚ್ಚಿನದೆಲ್ಲ ಮೊದಲ ದರ್ಜೆಯ ನೆಲ. ಒಂದೇ ಕಡೆ ಇಲ್ಲ, ಚೂರುಚೂರಾಗಿ ಹರಡಿದೆ. ಬರ್ಗಂಡಿಯಲ್ಲಿ ನೆಲವನ್ನು ಅಳೆಯುವುದೇ ಹಾಗೆ: ಒಂದು ಕಲ್ಲಿನ ಗೋಡೆಯಾಚೆಗಿನ ತೋಟಕ್ಕೆ ಬೇರೆ ಹೆಸರು, ಬೇರೆ ರುಚಿ, ಬೇರೆ ಬೆಲೆ. ಕ್ಲೀಮಾ ಎಂದು ಕರೆಯುವ ಇಂಥ 1,247 ತುಂಡುಗಳು 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಕೆಂಪಿಗೆ ಪಿನೊ ನ್ವಾರ್, ಬಿಳಿಗೆ ಶಾರ್ಡೊನೆ. ತಳಿ ಎರಡೇ ಆದರೂ ಜಗಳ ಸಾವಿರ. ಆಸ್ಪತ್ರೆಯ ಒಂದೊಂದು ಬಗೆಯ ವೈನಿಗೂ ದಾನಿಗಳ, ಹಿತೈಷಿಗಳ ಹೆಸರು ಅಂಟಿಕೊಂಡಿದೆ. ನಿಕೊಲಾ ರೋಲಾಂ, ಗೀಗೊನ್ ದ ಸಾಲಾಂ ಇಬ್ಬರೂ ಲೇಬಲ್ಲುಗಳ ಮೇಲಿದ್ದಾರೆ. ತೋಟ ಮತ್ತು ವೈನ್ ಎರಡರ ಉಸ್ತುವಾರಿ 2015ರಿಂದ ಲುದಿವಿನ್ ಗ್ರಿವೊ ಅವರದು. ಆ ಹುದ್ದೆಗೆ ಬಂದ ಮೊದಲ ಹೆಂಗಸು.

ಹರಾಜು ಶುರುವಾದದ್ದು 1859ರಲ್ಲಿ. ಮಾರುವುದು ಬಾಟಲಿಯನ್ನಲ್ಲ, 228 ಲೀಟರಿನ ಓಕ್ ಪೀಪಾಯಿಯನ್ನು. ಅದರೊಳಗಿನ ವೈನಿಗೆ ಆಗಿನ್ನೂ ಎರಡು ತಿಂಗಳು, ಹೆಚ್ಚೆಂದರೆ ಮೂರು. ಹರಾಜಿಗೆ ಮುಂಚೆ ಕೊಳ್ಳುವವರು ಅದರ ರುಚಿ ನೋಡುತ್ತಾರೆ. ನೆಲಮಾಳಿಗೆಯವನು ಪೀಪಾಯಿಯ ಬಿರಡೆ ತೆಗೆದು ಉದ್ದನೆಯ ಗಾಜಿನ ನಳಿಗೆಯನ್ನು ಒಳಗೆ ಇಳಿಬಿಡುತ್ತಾನೆ. ಮೇಲಿನ ತೂತಿಗೆ ಹೆಬ್ಬೆರಳು ಒತ್ತಿ ಎತ್ತುತ್ತಾನೆ. ಬೆರಳು ಸಡಿಲಿಸಿದರೆ ಎರಡು ಗುಟುಕಿನಷ್ಟು ವೈನು ಲೋಟಕ್ಕೆ ಬೀಳುತ್ತದೆ. ಕಡುನೇರಳೆ ಬಣ್ಣ, ಅರೆಬರೆ ಕದಡು. ಮೂಸಿ, ಬಾಯಿಗೆ ಹಾಕಿ, ತುಟಿಯ ಸಂದಿಯಿಂದ ಸುರ್ರೆಂದು ಗಾಳಿ ಎಳೆದುಕೊಂಡು, ಬಾಯಿತುಂಬ ಆಡಿಸಿ ಉಗುಳುತ್ತಾರೆ. ನುಂಗಿದರೆ ಹತ್ತನೆಯ ಪೀಪಾಯಿಯ ಹೊತ್ತಿಗೆ ನಾಲಿಗೆಯೂ ನಂಬಿಕೆಗೆ ತಕ್ಕದ್ದಲ್ಲ, ತಲೆಯೂ ಅಲ್ಲ.

ಆ ಗುಟುಕು ಹಿತವಾಗಿರುವುದಿಲ್ಲ ಎನ್ನುವುದನ್ನು ಯಾರೂ ಮುಚ್ಚಿಡುವುದಿಲ್ಲ. ಹಸಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಇನ್ನೂ ಕರಗದೆ ಹಲ್ಲು ಚುಳ್ಳೆನ್ನುವ ಹುಳಿ. ಬ್ಯಾಕ್ಟೀರಿಯಾಗಳು ಅದನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾಡಲು ಎಷ್ಟೋ ಸಲ ವಸಂತದವರೆಗೆ ಕಾಯಬೇಕು. ಕೆಂಪು ವೈನಾದರೆ ಸಿಪ್ಪೆ ಬೀಜಗಳಿಂದ ಇಳಿದ ಒಗರು ಬೇರೆ. ಈ ಹುಳಿ, ಈ ಒಗರು ಹತ್ತು ಹದಿನೈದು ವರ್ಷಕ್ಕೆ ಏನಾದೀತು ಎಂದು ಊಹಿಸುವುದೇ ಕಸುಬು. ಕರೆಂಟಿಲ್ಲದ ಕಾಲದಲ್ಲಿ ಬಣ್ಣ ನೋಡಲಿಕ್ಕೆ ತಾಸ್ತ್‌ವ್ಯಾಂ ಎಂಬ ಚಪ್ಪಟೆ ಬೆಳ್ಳಿಬಟ್ಟಲಿತ್ತು. ಅದರ ಒಳಮೈಯ ತಗ್ಗುದಿಣ್ಣೆಗಳು ಮೇಣದಬತ್ತಿಯ ಬೆಳಕನ್ನು ಹಿಡಿದು ವೈನಿನ ಮೂಲಕ ಚಿಮ್ಮಿಸುತ್ತಿದ್ದವು. ಈಗ ಅದು ಸಮಾರಂಭಗಳಲ್ಲಿ ಕೊರಳಿಗೆ ತೂಗುವ ಪದಕ.

ಹರಾಜಿನಲ್ಲಿ ಮೇಣದಬತ್ತಿ ಮಾತ್ರ ಉಳಿದುಕೊಂಡಿದೆ. ಹಿಂದೆ ಸಣ್ಣ ಬತ್ತಿಗಳು ಉರಿದು ಮುಗಿಯುವಷ್ಟರಲ್ಲಿ ಯಾರ ಕೂಗು ಕೊನೆಯದೋ ಪೀಪಾಯಿ ಅವರದು. ಈಗ ಈ ಪದ್ಧತಿ ‘ಅಧ್ಯಕ್ಷರ ಪೀಪಾಯಿ’ ಎಂಬ ಒಂದೇ ವಿಶೇಷ ಸರಕಿಗೆ ಸೀಮಿತ. ಅದರ ಹಣ ಬೇರೆ ಸೇವಾಸಂಸ್ಥೆಗಳಿಗೆ ಹೋಗುತ್ತದೆ. 2022ರಲ್ಲಿ ಈ ಒಂದು ಪೀಪಾಯಿ 8,10,000 ಯೂರೋಗೆ ಹೋಯಿತು. ಹರಾಜನ್ನು 2005ರಿಂದ ಕ್ರಿಸ್ಟೀಸ್, 2021ರಿಂದ ಸದಬೀಸ್ ಎಂಬ ಹರಾಜು ಸಂಸ್ಥೆಗಳು ನಡೆಸಿಕೊಟ್ಟಿವೆ. ಹಿಂದೆ ವರ್ತಕರದ್ದೇ ಆಗಿದ್ದ ಸಭಾಂಗಣಕ್ಕೆ ಈಗ ಖಾಸಗಿಯವರೂ ಬರುತ್ತಾರೆ. ಆದರೆ ಗೆದ್ದ ಪೀಪಾಯಿಯನ್ನು ಲಾರಿಗೆ ಹೇರಿಕೊಂಡು ಹೋಗುವಂತಿಲ್ಲ. ಬರ್ಗಂಡಿಯ ವೈನ್ ವರ್ತಕರೊಬ್ಬರ ನೆಲಮಾಳಿಗೆಯಲ್ಲಿ ಅದು ಹದಗೊಂಡು, ಒಂದು ವರ್ಷವೋ ಅದಕ್ಕೂ ಹೆಚ್ಚೋ ಕಳೆದು, ಬಾಟಲಿ ಸೇರಬೇಕು. ಅಷ್ಟರಲ್ಲಿ ಓಕ್ ಮರ ಒಂದಿಷ್ಟು ಹೀರಿ, ಗಾಳಿ ಒಂದಿಷ್ಟು ಹಾರಿಸಿ, ಪೀಪಾಯಿಗೆ 288 ಬಾಟಲಿಯ ಲೆಕ್ಕ.

ಪತ್ರಿಕೆಗಳಿಗೆ ಈ ಹರಾಜೇ ಸುದ್ದಿ. ನನಗೆ ಹಾಗನ್ನಿಸುವುದಿಲ್ಲ. ಭಾನುವಾರದ ಬೆಲೆಯಲ್ಲಿ ದಾನವಿದೆ, ಪ್ರತಿಷ್ಠೆಯಿದೆ, ಟಿವಿ ಕ್ಯಾಮೆರಾ ಇದೆ. ವೈನ್ ಎಷ್ಟಿದೆ ಎಂದು ಹೇಳುವುದು ಕಷ್ಟ. ಹಿಂದಿನ ದಿನ, ಶನಿವಾರ ರಾತ್ರಿ, ಕ್ಲೋ ದ ವೂಜೋ ಕೋಟೆಯಲ್ಲಿ ‘ತಾಸ್ತ್‌ವ್ಯಾಂ ಸರದಾರರು’ ಎಂಬ ವೈನ್ ಕೂಟದ ಔತಣ. ಸಿಸ್ಟರ್ಸಿಯನ್ ಸನ್ಯಾಸಿಗಳು ಬೆಳೆಸಿದ ತೋಟದ ನಡುವೆ ಕೆಂಪು ನಿಲುವಂಗಿ, ತುತ್ತೂರಿ, ಹೊಸಬರಿಗೆ ದೀಕ್ಷೆ. ತುಸು ನಾಟಕವೇ. ಆದರೆ ಆ ಕೂಟ ಹುಟ್ಟಿದ್ದು 1934ರಲ್ಲಿ, ಕೊಳ್ಳುವವರಿಲ್ಲದೆ ನೆಲಮಾಳಿಗೆಗಳು ತುಂಬಿ ತುಳುಕುತ್ತಿದ್ದಾಗ. ಮಾರಾಟವಾಗದಿದ್ದರೆ ಸ್ನೇಹಿತರನ್ನು ಕರೆದು ಕುಡಿಸೋಣ ಎಂಬ ಹಟ ಅದರ ಹಿಂದಿತ್ತೆಂಬುದನ್ನು ನೆನೆದರೆ ತುತ್ತೂರಿಯನ್ನು ಸಹಿಸಬಹುದು.

ನನ್ನ ಮಟ್ಟಿಗೆ ದಿನವೆಂದರೆ ಸೋಮವಾರ. ಬೋನ್‌ಗೆ ತೆಂಕಲಿನ ಮೆರ್ಸೋ ಹಳ್ಳಿಯಲ್ಲಿ ಮಧ್ಯಾಹ್ನ ‘ಪೋಲೆ’ ಊಟ. ದ್ರಾಕ್ಷಿ ಕೊಯ್ಲು ಮುಗಿದಾಗ ಒಡೆಯ ಕೂಲಿಯವರೊಂದಿಗೆ ಕೂತು ಉಣ್ಣುವ ಹಳೆಯ ವಾಡಿಕೆಯನ್ನು ಜ್ಯೂಲ್ ಲಾಫೋಂ 1923ರಲ್ಲಿ ಮತ್ತೆ ಎತ್ತಿಕಟ್ಟಿದರು. ಇಂದು ನೂರಾರು ಜನ ಸೇರುತ್ತಾರೆ. ಊಟ ಸಂಘಟಕರದು, ವೈನು ಮಾತ್ರ ಬಂದವರದು. ಪ್ರತಿಯೊಬ್ಬರೂ ತಮ್ಮ ನೆಲಮಾಳಿಗೆಯಿಂದ ಬಾಟಲಿ ತಂದು ಪಕ್ಕದವರಿಗೆ, ಎದುರಿನವರಿಗೆ, ಹಿಂದಿನ ಮೇಜಿನ ಅಪರಿಚಿತರಿಗೆ ಸುರಿಯುತ್ತಾರೆ. ಬೆಲೆ ಕೇಳುವುದಿಲ್ಲ. ಯಾವ ವರ್ಷದ್ದು, ಯಾವ ತೋಟದ್ದು, ಎಷ್ಟು ದಿನ ಹೇಗಿಟ್ಟಿದ್ದಿರಿ ಎಂದೇ ಕೇಳುತ್ತಾರೆ.

ಇಡುವುದೂ ಒಂದು ವಿದ್ಯೆ. ಹನ್ನೆರಡು ಡಿಗ್ರಿ ಆಸುಪಾಸಿನ ಏರಿಳಿತವಿಲ್ಲದ ತಂಪು, ಕತ್ತಲೆ, ಬೂಷ್ಟು ಹಿಡಿಯುವಷ್ಟು ತೇವ. ಕಾರ್ಕ್ ಒಣಗದಿರಲೆಂದು ಬಾಟಲಿಯನ್ನು ಮಲಗಿಸಿಡಬೇಕು. ಹೀಗಿಟ್ಟ ಕೆಂಪು ವೈನಿನ ನೇರಳೆ ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ತರಗೆಲೆ, ಅಣಬೆ, ಹಸಿಮಣ್ಣು ಮುಂದೆ ಬರುತ್ತವೆ. ನಡುವೆ ಕೆಲವು ವರ್ಷ ಏನನ್ನೂ ಕೊಡದೆ ಮುದುಡಿಕೊಂಡಿರುವುದೂ ಉಂಟು. ಆಗ ತೆರೆದವರು ಬೈದುಕೊಳ್ಳುತ್ತಾರೆ. ಬಿಳಿಯದು ಇನ್ನೂ ಮೋಸಗಾರ. 1990ರ ದಶಕದ ನಡುಭಾಗದಿಂದೀಚೆಗಿನ ಎಷ್ಟೋ ಬಿಳಿ ಬರ್ಗಂಡಿಗಳು ಹತ್ತು ವರ್ಷ ತುಂಬುವ ಮೊದಲೇ ಗಾಳಿ ತಗುಲಿದಂತೆ ಕಂದಾಗಿ ಸತ್ತುಹೋದವು. ಕಾರ್ಕ್ ಸರಿಯಿರಲಿಲ್ಲವೇ, ಗಂಧಕ ಕಡಿಮೆಯಾಯಿತೇ, ದ್ರಾಕ್ಷಿಯನ್ನು ಹಿಂಡುವ ರೀತಿ ಬದಲಾದದ್ದೇ? ಎರಡು ದಶಕಗಳಿಂದ ವಾದ ನಡೆದೇ ಇದೆ. ಕೆಲವು ಮನೆತನಗಳು ಕಾರ್ಕನ್ನೇ ಬದಲಿಸಿವೆ. ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳಲ್ಲಿ ಒಂದು ಹೊನ್ನಿನಂತಿದ್ದು ಇನ್ನೊಂದು ಕೆಟ್ಟಿದ್ದರೆ ಯಾವ ಸಿದ್ಧಾಂತ ನಿಂತೀತು? ಮೆರ್ಸೋ ಎಂದರೆ ಬಿಳಿ ವೈನಿನ ಊರು. ಊಟದ ಮೇಜಿನಲ್ಲಿ ಈ ಮಾತು ಎತ್ತಿದರೆ ಬೇಗ ಮುಗಿಯುವುದಿಲ್ಲ.

ಬರೆಯುವವರಿಗೂ ಆ ಊಟದಲ್ಲಿ ಒಂದು ಪಾಲಿದೆ. 1932ರಿಂದ ಪೋಲೆಯ ಸಾಹಿತ್ಯ ಬಹುಮಾನ ಕೊಡುತ್ತಾ ಬಂದಿದ್ದಾರೆ. ಗೆದ್ದವರಿಗೆ ಶಾಲು ಹಾರ ಫಲತಾಂಬೂಲವಲ್ಲ, ಮೆರ್ಸೋ ವೈನಿನ ನೂರು ಬಾಟಲಿ. ನೆಲಮಾಳಿಗೆಯಿಲ್ಲದ ಲೇಖಕರು ಅಷ್ಟನ್ನೂ ಎಲ್ಲಿಡುತ್ತಾರೋ.