ಅರಳು ಮರಳು ಎಂದು ಕೈಬಿಡದಿರೋಣ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಅಜ್ಜಿ ಬೀಗದ ಕೈಯನ್ನು ಇಟ್ಟಲ್ಲಿ ಮರೆತರೆ, ಅಜ್ಜ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ, ಆ ಗಾದೆಯನ್ನಾಡಿ ಸುಮ್ಮನಾಗುತ್ತೇವೆ. ಆದರೆ ಮರೆವಿಗೆ ವಯಸ್ಸೊಂದೇ ಹೊಣೆಯಲ್ಲ. ಬಹುಕಾಲದ ಚಿಂತೆಗೂ ಅದರಲ್ಲಿ ಪಾಲಿರಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ.

ನಮ್ಮ ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಎರಡು ಚಿಕ್ಕ ಗ್ರಂಥಿಗಳುಂಟು. ಭಯ, ದುಃಖ, ಆತಂಕಗಳು ಒದಗಿದಾಗ ಅವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಇದು ನಮ್ಮ ವೈರಿಯಲ್ಲ. ಮುಂಜಾನೆ ಏರುವುದು, ನಡುರಾತ್ರಿಯ ಹೊತ್ತಿಗೆ ಇಳಿಯುವುದು ಅದರ ಸಹಜ ಕ್ರಮ. ಚಿಂತೆಯು ತಿಂಗಳುಗಟ್ಟಲೆ ಮನೆಮಾಡಿದರೆ ಈ ಕ್ರಮ ಕೆಡಬಹುದು.

ಹೊಸ ನೆನಪುಗಳನ್ನು ಕೂಡಿಡುವುದು ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗ. 1968ರಲ್ಲಿ ಅಮೆರಿಕದ ಬ್ರೂಸ್ ಮೆಕ್ಯೂಯೆನ್ ಮತ್ತು ಸಂಗಡಿಗರು, ಇಲಿಗಳಲ್ಲಿ ಇಂಥದೇ ಹಾರ್ಮೋನು ಆ ಭಾಗದಲ್ಲಿ ಹೆಚ್ಚಾಗಿ ನೆಲೆಸುವುದನ್ನು ಕಂಡರು. 1998ರಲ್ಲಿ ಕೆನಡಾದ ಸೋನಿಯಾ ಲೂಪಿಯೆನ್ ಮತ್ತು ಸಂಗಡಿಗರು ವೃದ್ಧರನ್ನು ಕೆಲವು ವರ್ಷ ಪರೀಕ್ಷಿಸಿದರು. ಕಾರ್ಟಿಸೋಲ್ ಮೇಲ್ಮಟ್ಟದಲ್ಲಿದ್ದು ಏರುತ್ತಲೇ ಹೋದವರ ಹಿಪ್ಪೊಕ್ಯಾಂಪಸ್ ಉಳಿದವರದಕ್ಕಿಂತ ಶೇಕಡಾ 14ರಷ್ಟು ಚಿಕ್ಕದಾಗಿತ್ತು. 2018ರಲ್ಲಿ ಪ್ರಕಟವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, 2,000ಕ್ಕೂ ಹೆಚ್ಚು ನಡುವಯಸ್ಕರ ಪೈಕಿ ಕಾರ್ಟಿಸೋಲ್ ಹೆಚ್ಚಿದ್ದವರು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದರು.

ಹಾಗೆಂದು ಚಿಂತೆಯಿಂದಲೇ ಡಿಮೆನ್ಷಿಯಾ ಬರುತ್ತದೆಂದು ತೀರ್ಮಾನಿಸಲಾಗದು. ಕಾರ್ಟಿಸೋಲನ್ನು ಹತೋಟಿಯಲ್ಲಿಡುವುದೂ ಹಿಪ್ಪೊಕ್ಯಾಂಪಸ್ಸಿನ ಕೆಲಸಗಳಲ್ಲೊಂದು. ಅದು ಮೊದಲೇ ಸವೆದಿದ್ದರೆ ಹಾರ್ಮೋನು ಏರಬಹುದು. ಥೈರಾಯಿಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಆದುದರಿಂದ ವೈದ್ಯರಿಗೆ ತೋರಿಸದೆ ಗಾದೆಯನ್ನು ನಂಬಿ ಕೂರುವುದು ಅನ್ಯಾಯ. ತಪ್ಪಿಸಬಹುದಾದ ಅಪಾಯಗಳೆಂದು ಲ್ಯಾನ್ಸೆಟ್ ಆಯೋಗವು 2024ರಲ್ಲಿ ಹೆಸರಿಸಿದ 14ರಲ್ಲಿ ರಕ್ತದೊತ್ತಡ, ಕಿವಿಮಂದ, ಖಿನ್ನತೆಗಳ ಜೊತೆಗೆ ಒಂಟಿತನವೂ ಸೇರಿದೆ.

ಗಡಿಯಾಚೆಯ ನಮ್ಮ ಮನೆಗಳಿಗೆ ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಪ್ರಶ್ನೆ ಕೇಳಿದಾಗ, ಕನ್ನಡವೊಂದನ್ನೇ ಬಲ್ಲ ಹಿರಿಯರು ತಡವರಿಸಿದರೆ ಅದು ಮರೆವೆನಿಸೀತು. ಜೊತೆಗೆ ಹೋದವರು ಇದನ್ನು ವೈದ್ಯರಿಗೆ ತಿಳಿಸಬೇಕು. ಎರಡು ಭಾಷೆ ಬಲ್ಲವರು ಧೈರ್ಯಗೆಡಬೇಕಿಲ್ಲ: 2013ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನದಲ್ಲಿ, 648 ರೋಗಿಗಳ ಪೈಕಿ ಅಂಥವರಿಗೆ ಡಿಮೆನ್ಷಿಯಾ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಮಕ್ಕಳು ದೂರದ ಪಟ್ಟಣದಲ್ಲಿದ್ದರೂ ದಿನಕ್ಕೊಮ್ಮೆ ಫೋನಿನಲ್ಲಿ ಮಾತನಾಡಲಿ. ಮನೆಯಲ್ಲಿರುವವರು ಹಿರಿಯರೊಡನೆ ಸಂಜೆ ನಾಲ್ಕು ಹೆಜ್ಜೆ ನಡೆಯಲಿ, ಮನೆಯ ವಿಚಾರಗಳಲ್ಲಿ ಅವರ ಸಲಹೆಯನ್ನು ಕೇಳಲಿ.