ಸ್ನಾತಕರ ಸಭೆಗೆ ಹೆಣ್ಣುಮಕ್ಕಳು ಬಂದ ದಾರಿ

ಘಟಿಕೋತ್ಸವ ಎಂಬ ಹೆಸರಿನೊಳಗೆ ಘಟಿಕೆಯ, ಅಂದರೆ ಹಳೆಯ ಕಾಲದ ವಿದ್ಯಾಕೇಂದ್ರದ ನೆನಪಿದೆ. ಕದಂಬರ ಮಯೂರಶರ್ಮ ಓದಲು ಹೋದದ್ದು ಕಂಚಿಯ ಘಟಿಕೆಗೆ ಎನ್ನುತ್ತದೆ ತಾಳಗುಂದದ ಶಾಸನ. ‘ಸ್ನಾತಕ’ ಎಂದರೆ ಗುರುಕುಲದ ಓದು ಮುಗಿಸಿ ಸಮಾವರ್ತನದ ಸ್ನಾನ ಮಾಡಿದ ಬ್ರಹ್ಮಚಾರಿ. ಇಂಗ್ಲಿಷಿನ ‘ಬ್ಯಾಚುಲರ್’ ಕೂಡ ಮದುವೆಯಾಗದ ಗಂಡೇ. ಪದವೀಧರ ಎಂದರೆ ಗಂಡಸು ಎಂಬ ಎಣಿಕೆಯಲ್ಲಿ ಪೂರ್ವ, ಪಶ್ಚಿಮಗಳಿಗೆ ಜಗಳವೇ ಇರಲಿಲ್ಲ.

ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕಾದಂಬಿನಿ ಗಂಗೂಲಿ, ಚಂದ್ರಮುಖಿ ಬಸು 1883ರಲ್ಲೇ ಪದವಿ ಪಡೆದರು. ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಮೈಸೂರಿನಲ್ಲಿ 1881ರಲ್ಲಿ ಹುಡುಗಿಯರ ಶಾಲೆಯಾಗಿ ಶುರುವಾದ ಮಹಾರಾಣಿ ಸಂಸ್ಥೆ ಮುಂದೆ ಕಾಲೇಜಾಯಿತು; ಅಲ್ಲಿನ ಮೊದಲ ಪದವೀಧರೆಯರಿಗೆ ಪದವಿ ಬರುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯದಿಂದ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. 1918ರ ಮೊದಲ ಘಟಿಕೋತ್ಸವದಲ್ಲಿ ಭಾಷಣ ಮಾಡಿದವರು ಸರ್ ಅಶುತೋಷ್ ಮುಖರ್ಜಿ. ಆಗ ಓದುತ್ತಿದ್ದ ಹೆಣ್ಣುಮಕ್ಕಳು ಬಹುಪಾಲು ನಗರದ, ಮೇಲ್ಜಾತಿಯ ಮನೆಯವರು.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಂಥ ಊರುಗಳ ಮಾತೇ ಬೇರೆ. ವೈದ್ಯ, ಕತೆಗಾರ ಬೆಸಗರಹಳ್ಳಿ ರಾಮಣ್ಣನವರ (1938–1998) ತಲೆಮಾರಿನಲ್ಲಿ ಹಾಸ್ಟೆಲ್ ಸೇರಿ ಓದುವ ಭಾಗ್ಯ ಗಂಡುಮಕ್ಕಳಲ್ಲೂ ಕೆಲವರಿಗಷ್ಟೇ ಇತ್ತು. ಮಗಳನ್ನು ಕಾಲೇಜಿಗೆ ಕಳಿಸಬೇಕಾದರೆ ಅವಳು ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವಂತಿರಬೇಕು. ಹಾಗಾಗಿ ಇಲ್ಲಿ ಹೆಣ್ಣಿನ ಓದಿನ ಚರಿತ್ರೆ ಬಹುಮಟ್ಟಿಗೆ ಕಾಲೇಜು ಹತ್ತಿರವಾದ ಚರಿತ್ರೆ. ಮಂಡ್ಯದ ಸರ್ಕಾರಿ ಕಾಲೇಜು 1948ರದು. ಆಮೇಲೆ ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ, ಜಿ. ಮಾದೇಗೌಡರು ಭಾರತೀನಗರದಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದರು. 2019ರಲ್ಲಿ ಮಂಡ್ಯಕ್ಕೇ ವಿಶ್ವವಿದ್ಯಾಲಯ ಬಂತು. ದಾರಿ ಸವೆಸಲು 2006–07ರಲ್ಲಿ ಹೈಸ್ಕೂಲಿಗೆ ಸರ್ಕಾರದ ಸೈಕಲ್ ಬಂತು, 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್. ಹಿಂದಿನ ತಲೆಮಾರಿನ ಅಂತರ ಮಾತ್ರ ಅಷ್ಟು ಬೇಗ ಅಳಿಯುವಂಥದಲ್ಲ: 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ 78ರಷ್ಟಿದ್ದರೆ ಹೆಂಗಸರದು ಶೇ 63ರ ಆಸುಪಾಸು.

ದೇಶದ ಲೆಕ್ಕದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿದೆ. 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಒಟ್ಟು ದಾಖಲಾತಿ ಪ್ರಮಾಣ ಹೆಣ್ಣುಮಕ್ಕಳಲ್ಲಿ 28.5, ಗಂಡುಮಕ್ಕಳಲ್ಲಿ 28.3. ಮೈಸೂರು ವಿಶ್ವವಿದ್ಯಾಲಯದ ನೂರನೇ ಘಟಿಕೋತ್ಸವದಲ್ಲಿ, 2020ರ ಅಕ್ಟೋಬರ್ 19ರಂದು, ಪ್ರಧಾನಿ ಆನ್‌ಲೈನ್ ಭಾಷಣದಲ್ಲಿ ಪ್ರಸ್ತಾಪಿಸಿದ್ದೂ ಹುಡುಗಿಯರ ಈ ಮುನ್ನಡೆಯನ್ನೇ. ಆದರೆ ಸರಾಸರಿ ಅನೇಕ ಸಂಗತಿಗಳನ್ನು ಮುಚ್ಚಿಡುತ್ತದೆ. ನರ್ಸಿಂಗ್ ತರಗತಿಯಲ್ಲಿ ಹುಡುಗಿಯರೇ ತುಂಬಿದ್ದರೆ, ಬಿ.ಟೆಕ್‌ನಲ್ಲಿ ಅವರ ಪಾಲು ಮೂರರಲ್ಲಿ ಒಂದಕ್ಕಿಂತ ಕಡಿಮೆ.

ಗೌನು ಕಳಚಿದ ಮೇಲಿನ ಲೆಕ್ಕ ಇನ್ನೂ ಬೇರೆ. 2023–24ರ ಕಾರ್ಮಿಕ ಸಮೀಕ್ಷೆಯಲ್ಲಿ, 15 ವರ್ಷ ದಾಟಿದವರ ಪೈಕಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ ಗಂಡಸರು ಶೇ 78.8, ಹೆಂಗಸರು ಶೇ 41.7. ಮನೆಯ ಕಬ್ಬಿನ ಗದ್ದೆಯಲ್ಲಿ ಕೂಲಿಯಿಲ್ಲದೆ ಗೇಯುವವರೂ ಈ 41.7ರೊಳಗೇ ಇದ್ದಾರೆ.