ಸಾಗರದಾಳದಲ್ಲಿ ನೆನಪು ನಂಬಬೇಡಿ

ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯಲ್ಲಿ ಸ್ಕೂಬಾ ತರಬೇತುದಾರರೊಬ್ಬರು ಜಾಕೆಟ್ಟಿನ ಜೇಬಿನಿಂದ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಹಲಗೆ ತೆಗೆದು ನನ್ನ ಕೈಗಿಟ್ಟರು. ಅದಕ್ಕೊಂದು ಪೆನ್ಸಿಲ್ ಕಟ್ಟಿತ್ತು. ಮೈತುಂಬ ಬರೆದು ಅಳಿಸಿದ ಅಂಕಿಗಳ ಮಸುಕು. ‘ಸರ್, ಕೆಳಗೆ ಕಂಡಿದ್ದನ್ನ ಮೇಲೆ ಬಂದು ಹೇಳ್ತೀನಿ ಅಂದ್ಕೋಬೇಡಿ. ಅಲ್ಲೇ ಬರ್ಕೊಳ್ಳಿ’ ಎಂದರು.

30 ಮೀಟರ್ ಆಳದ ತರಬೇತಿಯಲ್ಲಿ ಅವರಿಗೊಂದು ಪರೀಕ್ಷೆಯಿತ್ತಂತೆ. ಹಾಳೆಯಲ್ಲಿ ಚೆಲ್ಲಾಪಿಲ್ಲಿಯಾದ ಅಂಕಿಗಳನ್ನು ಕ್ರಮವಾಗಿ ಬೆರಳಿಟ್ಟು ತೋರಿಸಬೇಕು. ದೋಣಿಯ ಮೇಲೆ ಸರಾಗವಾಗಿ ಮುಗಿಯಿತು. ಕೆಳಗೆ? ‘ಏಳನ್ನ ಮುಟ್ಟಿದ್ದೇ ಮರೆತು ಮತ್ತೆ ಏಳನ್ನೇ ಹುಡುಕ್ತಿದ್ದೆ. ಆದ್ರೆ ಅವತ್ತು ನಾನು ಭಾರಿ ಚುರುಕಾಗಿದ್ದೀನಿ ಅಂತಲೇ ಅನ್ನಿಸ್ತಿತ್ತು.’

ಈ ಸುಳ್ಳು ಧೈರ್ಯವೇ ನನ್ನನ್ನು ಬೆಚ್ಚಿಸಿದ್ದು. 30 ಮೀಟರ್ ಆಳದಲ್ಲಿ ಒತ್ತಡ ದಡದ ನಾಲ್ಕು ಪಟ್ಟು. ಉಸಿರಾಡುವ ಗಾಳಿಯಲ್ಲಿನ ಸಾರಜನಕವೂ ಅದೇ ಪ್ರಮಾಣದಲ್ಲಿ ಹೆಚ್ಚಾಗಿ ದೇಹದೊಳಗೆ ಕರಗಿ, ಹೆಂಡದಂತೆ ಮಿದುಳನ್ನು ಮಂಕು ಮಾಡುತ್ತದೆ. ಈ ಮಂಕಿನ ಹಿಂದಿರುವುದು ಸಾರಜನಕವೆಂದು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕೆ 1935ರಲ್ಲೇ ಗುರುತಿಸಿದ್ದರು. ಹೊಸ ಸಂಗತಿ ಮನಸ್ಸಿನಲ್ಲಿ ನಾಟುವುದೇ ಕಷ್ಟವಾಗುತ್ತದೆ. ಕೆಲವು ಮೀಟರ್ ಮೇಲೇರಿದರೆ ಮಂಕು ಇಳಿಯುತ್ತದೆ, ಆದರೆ ನಾಟದೇ ಹೋದದ್ದು ಮರಳಿ ಬರುವುದಿಲ್ಲ.

ಹಲಗೆಯ ಮಾತು ಬಂದಾಗ ಮಾರಿಸ್ ಫಾರ್ಗ್ ನೆನಪಾಗದೆ ಇರುವುದಿಲ್ಲ. ಸಾಗರ ಶೋಧಕ ಜಾಕ್ ಕುಸ್ಟೊ ಅವರ ತಂಡದ ಈ ಫ್ರೆಂಚ್ ಮುಳುಗುಗಾರ 1947ರಲ್ಲಿ ಆಳದ ದಾಖಲೆಗೆ ಇಳಿದರು. ಇಳಿಬಿಟ್ಟ ಹಗ್ಗದುದ್ದಕ್ಕೂ ಹಲಗೆಗಳನ್ನು ಕಟ್ಟಲಾಗಿತ್ತು. ತಲುಪಿದ ಆಳದ ಹಲಗೆಗೆ ಸಹಿ ಹಾಕಿ ಬರಬೇಕು. ಅವರಿಂದ ಸಂಕೇತ ನಿಂತಾಗ ಸಂಗಾತಿಗಳು ಗಾಬರಿಯಿಂದ ಮೇಲೆಳೆದರು. ಉಸಿರಾಟದ ಕೊಳವೆ ಬಾಯಿಂದ ಜಾರಿ ಎದೆಯ ಮೇಲೆ ನೇತಾಡುತ್ತಿತ್ತು. ಜೀವ ಉಳಿಯಲಿಲ್ಲ. 120 ಮೀಟರ್ ಆಳದ ಹಲಗೆಯ ಮೇಲೆ ಅವರ ಸಹಿಯಿತ್ತು. ಸಹಿ ಹಾಕುವಷ್ಟು ಎಚ್ಚರವಿದ್ದವರಿಗೆ ಹಿಂದಿರುಗುವ ಎಚ್ಚರ ಉಳಿದಿರಲಿಲ್ಲ.

ಇದರ ಜೊತೆಗೆ ಎಲ್ಲರೂ ಹೇಳುವ ಇನ್ನೊಂದು ಪ್ರಯೋಗವಿದೆ. ಮೀನುಬಲೆಯ ಬಳಿ ಮೀನುಗಳ ವರ್ತನೆ ನೋಡಿಬರಲು ಹೋದ ಮುಳುಗುಗಾರರು ಮೇಲೆ ಬಂದೊಡನೆ ಕಂಡದ್ದನ್ನು ಮರೆಯುತ್ತಿದ್ದರಂತೆ. ಇದರಿಂದ ಕುತೂಹಲಗೊಂಡು ಮನೋವಿಜ್ಞಾನಿಗಳಾದ ಗಾಡನ್ ಮತ್ತು ಬ್ಯಾಡ್ಲಿ ಸ್ಕಾಟ್ಲೆಂಡಿನ ಓಬನ್ ಬಳಿ ನಡೆಸಿ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರಿನಡಿ ಕಲಿತ ಪದಗಳು ನೀರಿನಡಿಯೇ ಚೆನ್ನಾಗಿ ನೆನಪಾದವು. ಇದನ್ನು ಆಳದ ಒತ್ತಡದ ಪರಿಣಾಮಕ್ಕೆ ಸಾಕ್ಷಿಯಾಗಿ ಬಳಸುವುದನ್ನು ನಾನು ಒಪ್ಪಲಾರೆ: ಪ್ರಯೋಗದ ಮುಳುಗುಗಾರರು ಕೂತಿದ್ದು ಸುಮಾರು 6 ಮೀಟರ್ ಆಳದಲ್ಲಿ. ಅಲ್ಲಿ ಪರೀಕ್ಷೆಗೊಳಗಾಗಿದ್ದು ಪರಿಸರದ ಬದಲಾವಣೆ, ಸಾರಜನಕದ ಮಂಕಲ್ಲ. ಸಾಲದ್ದಕ್ಕೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಫಲಿತಾಂಶ ಸಿಗಲೇ ಇಲ್ಲ.

ಆಳಕ್ಕಿಳಿಯುವವರಲ್ಲಿ ನನ್ನ ವಿನಂತಿ ಇಷ್ಟೇ. ಆಳ, ಸಮಯ, ಉಳಿದ ಗಾಳಿ ಮೂರನ್ನೂ ಹಲಗೆಯ ಮೇಲೆ ಬರೆಯುತ್ತಿರಿ. ಜೊತೆಗಾರರು ನಿಮ್ಮ ಸನ್ನೆಗೆ ತಡವಾಗಿ ಉತ್ತರಿಸಿದರೆ, ನೀವು ಎಷ್ಟೇ ಚುರುಕಾಗಿದ್ದೀರಿ ಅನ್ನಿಸಿದರೂ, ಇಬ್ಬರೂ ನಿಧಾನವಾಗಿ ಮೇಲೆ ಬನ್ನಿ.